ನೆರಳಿಗೆಂದು ಹಾಕಿದ ಮಣ್ಣು

ನಿವೃತ್ತನಾದ ಮೇಲೆ ನನಗೆ ಸಿಕ್ಕ ಮೊದಲ ಗೌರವ ಒಂದು ಪ್ಲಾಸ್ಟಿಕ್ ಕುರ್ಚಿ. ಯಾದಗಿರಿಯ ಹೊರಗೆ, ಮಣ್ಣು ಅಗೆಯುವ ಮಶೀನು ನಡೆಸುವುದನ್ನು ಕಲಿಸುವ ಒಂದು ಶೆಡ್ಡಿದೆ. ಹೋದ ವರ್ಷ ಅಲ್ಲಿಗೆ ನನ್ನನ್ನು ಕರೆಸಿ, ಹದಿನೈದಿಪ್ಪತ್ತು ಜನ ಹುಡುಗರ ಮುಂದೆ ಆ ಕುರ್ಚಿಯಲ್ಲಿ ಕೂರಿಸಿದರು. "ಇವರು ಭೀಮರಾಯಪ್ಪನವರು, ಕಾಲುವೆ ಕೆಲಸದಲ್ಲೇ ಜೀವ ತೇದವರು, ಏನು ಬೇಕಾದರೂ ಕೇಳಿರಿ" ಎಂದು ಪರಿಚಯ ಮಾಡಿಕೊಟ್ಟರು. ಹುಡುಗರು ಏನು ಕೇಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು.

"ಸರ್, ಒಂದ್ ತಾಸಿನಾಗ ಎಲ್ಲಾರಕ್ಕಿಂತ ಜಾಸ್ತಿ ಬಕೆಟ್ ಹೊಡಿಬೇಕಂದ್ರ ಹ್ಯಾಂಗ್ ಮಾಡಬೇಕ್ರಿ?"

ಹೇಳತೊಡಗಿದೆ. ಬಕೆಟ್ಟಿನ ಹಲ್ಲನ್ನು ಆಳಕ್ಕೆ ಊರಿ ಇಂಜಿನ್ ನರಳುವ ಹಾಗೆ ಮಾಡಬೇಡಿ. ತೆಳ್ಳಗೆ ಕಚ್ಚಿ ಉದ್ದಕ್ಕೆ ಎಳೆಯಿರಿ, ಬಕೆಟ್ ತಾನಾಗಿ ತುಂಬುತ್ತದೆ. ಟಿಪ್ಪರನ್ನು ನಿಮಗಿಂತ ತಗ್ಗಿನಲ್ಲಿ ನಿಲ್ಲಿಸಿ, ಎತ್ತುವ ಶ್ರಮ ಉಳಿಯುತ್ತದೆ. ಬಕೆಟ್ಟಿನ ಪಕ್ಕೆಯಿಂದ ಕಲ್ಲು ಗುಡಿಸಬೇಡಿ, ಮಶೀನಿನ ಸೊಂಟ ಹೋಗುತ್ತದೆ. ಎತ್ತುವುದು, ತಿರುಗುವುದು ಎರಡೂ ಒಂದೇ ಉಸಿರಿನಲ್ಲಿ ಆಗಲಿ. ಕೊನೆಗೆ, "ಮತ್ತ ಮಣ್ಣು ದೂರ ಒಗಿಬ್ಯಾಡ್ರಿ, ಅಲ್ಲೇ ಬಾಜೂಕ..." ಎಂದವನು ನಡುವೆಯೇ ನಿಂತುಬಿಟ್ಟೆ. ಯಾರೋ ನೀರು ಕೊಟ್ಟರು. ವಯಸ್ಸಾದವರು, ಬಿಸಿಲು ತಗುಲಿರಬೇಕು ಎಂದುಕೊಂಡರು. "ಇವತ್ತಿಗೆ ಸಾಕ್ರಪ್ಪ" ಎಂದು ಎದ್ದು ಬಂದೆ.

ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನನಗೆ ಯಾವ ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಇಲ್ಲ. ಅದನ್ನು ಓದಿ ನಿಮಗೆ ಆಗಬೇಕಾದ್ದೂ ಏನಿಲ್ಲ.

ನಾನು ಸುರಪುರಕ್ಕೆ ಹತ್ತಿದಂತಿರುವ ರಂಗಂಪೇಟೆಯವನು. ಕಾಲುವೆ ಬರುತ್ತದೆ ಎಂಬ ಮಾತು ಊರಲ್ಲಿ ಹುಟ್ಟಿದಾಗ ನನಗೆ ಇನ್ನೂ ಮೀಸೆ ಬಂದಿರಲಿಲ್ಲ. ಕಾಲುವೆ ನಿಜವಾಗಿ ಬಂದಾಗ ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊರುತ್ತಿದ್ದೆ. ಆಮೇಲೆ ಮಶೀನಿಗೆ ಗ್ರೀಸು ಹಚ್ಚುವವನಾದೆ. ಎರಡು ವರ್ಷ ಮೈತುಂಬ ಗ್ರೀಸು ಮೆತ್ತಿಕೊಂಡೇ ಇರುತ್ತಿದ್ದೆ, ಮನೆಯಲ್ಲಿ ನನ್ನ ತಟ್ಟೆಯನ್ನೇ ಬೇರೆ ಇಟ್ಟಿದ್ದರು. ಆಮೇಲೆ ಒಂದು ದಿನ ಉಸ್ತಾದರು ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿದರು.

ಉಸ್ತಾದರ ಹೆಸರು ಮಹಿಬೂಬ ಸಾಬ್. ಹೈದರಾಬಾದಿನ ಕಡೆ ಹಗ್ಗದಿಂದ ಎಳೆಯುವ ಹಳೆಯ ಮಶೀನುಗಳನ್ನು ನಡೆಸಿ ಬಂದವರು. ಎಣ್ಣೆಯ ಒತ್ತಡದಿಂದ ನಡೆಯುವ ಹೊಸ ಮಶೀನು ಬಂದಾಗ ಅದಕ್ಕೂ ಮೊದಲು ಕೈ ಹಾಕಿದವರು ಅವರೇ. ಅವರು ನನಗೆ ಮೊದಲ ತಿಂಗಳು ಹಿಡಿಕೆ ಮುಟ್ಟಲು ಬಿಡಲಿಲ್ಲ. ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕೂರಿಸಿ, ಬರೀ ಇಂಜಿನ್ನಿನ ಸದ್ದು ಕೇಳಿ ಬಕೆಟ್ ತುಂಬಿತೋ ಇಲ್ಲವೋ ಹೇಳಬೇಕು ಎನ್ನುತ್ತಿದ್ದರು. ತಪ್ಪಿದರೆ ಬೈಗುಳ, ಸರಿಯಾದರೆ ಏನೂ ಇಲ್ಲ. ಅವರ ಬಾಯಿಂದ ಏನೂ ಬರದಿದ್ದರೆ ಅದೇ ಶಾಭಾಸ್‌ಗಿರಿ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಬೆಳಿಗ್ಗೆ ಮಶೀನು ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಅಗೆದ ಗುಂಡಿಯ ಅಂಚಿನ ಸುತ್ತ ಬರಿಗಾಲಿನಲ್ಲಿ ಒಂದು ಸುತ್ತು ನಡೆಯುತ್ತಿದ್ದರು. ನಾನು ನಕ್ಕಾಗ ಹೇಳಿದರು:

"ನಗಬ್ಯಾಡಲೇ. ಇದು ಎರಿ ಮಣ್ಣು. ಮ್ಯಾಲ ಗಟ್ಟಿ ಕಾಣ್ತದ, ಒಳಗ ಬಾಯಿ ಬಿಟ್ಟಿರ್ತದ. ಕಾಲಿಗೆ ಗೊತ್ತಾಗ್ತದ, ಕಣ್ಣಿಗೆ ಗೊತ್ತಾಗಲ್ಲ. ಮತ್ತ ಒಂದ್ ಮಾತು ನೆನಪಿಟ್ಕೋ. ಗುಂಡಿ ಎಷ್ಟು ಆಳ ಐತಿ, ಮಣ್ಣು ಅಷ್ಟು ದೂರ ಒಗಿಬೇಕು. ಹನ್ನೆರಡು ಫೂಟ್ ತಗ್ಗು ಅಂದ್ರ ಹನ್ನೆರಡು ಫೂಟ್ ಆಚಿ. ಇಂಜಿನೀರ್ ಹೇಳ್ಲಿ, ಮಾಲಕ ಹೇಳ್ಲಿ, ಯಾರ್ ಹೇಳಿದ್ರೂ ಅದರಾಗ ಒಂದ್ ಇಂಚು ಕಮ್ಮಿ ಮಾಡಬ್ಯಾಡ."

ಈ ಮಾತನ್ನು ನನ್ನ ಇಷ್ಟು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲ ಮೀರಿದೆ. ಅದನ್ನು ಹೇಳುವ ಮುಂಚೆ, ನಾನು ಎಂಥವನಾಗಿದ್ದೆ ಎಂದು ನಿಮಗೆ ಗೊತ್ತಾಗಬೇಕು.

ಮೊದಲ ವರ್ಷವೇ ಒಂದು ದೊಡ್ಡ ಮೂರ್ಖತನ ಮಾಡಿದ್ದೆ. ಶಹಾಪುರದ ಕಡೆ ಒಂದು ಹೊಲದಲ್ಲಿ ಸಂಜೆ ಕೆಲಸ ಮುಗಿಸಿ, ಎತ್ತರದ ದಿಬ್ಬಕ್ಕೆ ಒಯ್ಯಲು ಬೇಸರವಾಗಿ, ಎರೆ ನೆಲದಲ್ಲೇ ಮಶೀನು ನಿಲ್ಲಿಸಿ ಮನೆಗೆ ಹೋದೆ. ಅಕಾಲದ ಮಳೆ ಹೊಡೆಯಿತು. ಬೆಳಿಗ್ಗೆ ಬಂದು ನೋಡಿದರೆ ಚಕ್ರದ ಬದಲಿಗಿರುವ ಚೈನು ಪೂರ್ತಿ ಮುಳುಗಿ, ಕ್ಯಾಬಿನ್ನಿನ ಬಾಗಿಲ ತನಕ ಕೆಸರು ಬಂದಿತ್ತು. ಉಸ್ತಾದರು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು. "ಏನಪಾ, ಮಶೀನ್ ಬಿತ್ತಿ ಏನು? ಸುಗ್ಗಿಗೆ ಎಷ್ಟು ಮರಿ ಬರ್ತಾವ?" ಎಂದರು. ಮೂರು ದಿನ ಸುತ್ತಲಿನ ಮಣ್ಣು ಬಗೆದು, ಚೈನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಬಕೆಟ್ಟನ್ನು ಊರುಗೋಲಾಗಿ ಊರಿ ಅದನ್ನು ಮೇಲಕ್ಕೆ ತಂದೆವು. ಆ ಮೂರು ದಿನವೂ ಕಾಲುವೆಯ ಕೂಲಿ ಹೆಂಗಸರು ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ನಾನು ತಲೆ ಎತ್ತಲಿಲ್ಲ.

ಆ ಅವಮಾನವೇ ನನ್ನನ್ನು ಚುರುಕು ಮಾಡಿತು. ಉಸ್ತಾದರು ಕಣ್ಣು ಮಂದವಾಗಿ ಊರಿಗೆ ಹೋಗುವಷ್ಟರಲ್ಲಿ, ಸುರಪುರದಿಂದ ಶಹಾಪುರದವರೆಗಿನ ಕಾಲುವೆ ಕೆಲಸದಲ್ಲಿ ನನ್ನಷ್ಟು ಬೇಗ ಬಕೆಟ್ ತಿರುಗಿಸುವವನು ಇರಲಿಲ್ಲ. "ಗಾಳಿ ಭೀಮ" ಎಂದು ಕರೆಯುತ್ತಿದ್ದರು. ನನಗೆ ಆ ಹೆಸರು ಬಹಳ ಇಷ್ಟವಾಗಿತ್ತು. ನಮ್ಮ ವಿಭಾಗದ ಸಾಹೇಬರೊಬ್ಬರು, ಸಣ್ಣ ವಯಸ್ಸಿನ ಇಂಜಿನಿಯರು, ದಿನಾ ಹತ್ತು ಗಂಟೆಗೆ ಬಂದು ಕೈಗಡಿಯಾರ ಹಿಡಿದು ನಿಲ್ಲುತ್ತಿದ್ದರು. ನಾನು ಕಚ್ಚಿ, ಎತ್ತಿ, ತಿರುಗಿ, ಸುರಿದು ವಾಪಸು ಬರುವಷ್ಟರಲ್ಲಿ ಸೆಕೆಂಡು ಎಣಿಸುತ್ತಿದ್ದರು. "ಹದಿನೇಳು! ಭಾರಿ ಭೀಮರಾಯ!" ಎಂದು ಕೂಗುತ್ತಿದ್ದರು. ಅವರು ಕೆಟ್ಟವರಲ್ಲ. ಬೇಗ ಮುಗಿಯಬೇಕು ಎಂಬುದು ಅವರ ಕೆಲಸ, ಬೇಗ ಮುಗಿಸುತ್ತೇನೆ ಎಂಬುದು ನನ್ನ ಸೊಕ್ಕು. ಇಬ್ಬರಿಗೂ ಚೆನ್ನಾಗಿ ಹೊಂದಿತು.

ಆ ಬೇಸಿಗೆ ಸುರಪುರದಿಂದ ಸ್ವಲ್ಪ ದೂರದ ಒಂದು ಉಪಕಾಲುವೆಯ ಅಡಿಯಲ್ಲಿ ಹಳ್ಳದ ನೀರು ದಾಟಿಸಲು ಕೊಳವೆ ಹೂಳಬೇಕಿತ್ತು. ಅದಕ್ಕೆ ಉತ್ತರ ದಕ್ಷಿಣವಾಗಿ ಒಂದು ಉದ್ದನೆಯ ಕಿರಿದಾದ ಕಂದಕ, ಆಳ ಹನ್ನೆರಡು ಅಡಿ. ನಾನು ಮಶೀನಿನಿಂದ ಅಗೆದು ಹಿಂದೆ ಸರಿಯುವುದು, ಅಗೆದಾದ ಕಡೆ ನಾಲ್ಕು ಜನ ಹೆಂಗಸರು ಕೆಳಗಿಳಿದು ತಳದ ಸಡಿಲ ಮಣ್ಣನ್ನು ಸಲಿಕೆಯಿಂದ ಕೆರೆದು ಮಟ್ಟ ಮಾಡುವುದು. ಗಾರೆ ಹಾಕುವವರು ಮರುವಾರ ಬರುವವರಿದ್ದರು. ಸುತ್ತಮುತ್ತ ಕಣ್ಣು ಹಾಯುವವರೆಗೆ ಒಂದು ಜಾಲಿ ಗಿಡವೂ ಇಲ್ಲ. ಕಾಲುವೆಗೆಂದು ಎಲ್ಲ ಕಡಿದಾಗಿತ್ತು.

ನಮ್ಮ ಕಡೆಯ ಬಿಸಿಲನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆ ಬಿಸಿಲಿನಲ್ಲಿ ಕಾಲುವೆಯ ಕೂಲಿಗಳು ಊಟಕ್ಕೆ ಎಲ್ಲಿ ಕೂರುತ್ತಾರೆ ಎಂದು ಮಾತ್ರ ಹೇಳಬೇಕು. ಟಿಪ್ಪರಿನ ಕೆಳಗೆ ಕೂರುತ್ತಾರೆ, ಮಶೀನಿನ ಹಿಂದೆ ಕೂರುತ್ತಾರೆ, ಯಾವುದೂ ಇಲ್ಲದಿದ್ದರೆ ಅಗೆದ ಕಂದಕದ ಒಳಗೇ ಗೋಡೆಗೆ ಆತು ಕೂರುತ್ತಾರೆ. ಕೆಳಗಿನ ಮಣ್ಣು ತಂಪಾಗಿರುತ್ತದೆ. ಆದರೆ ಸೂರ್ಯ ನೆತ್ತಿಯ ಮೇಲಿರುವಾಗ ಕಂದಕದಲ್ಲೂ ನೆರಳಿಲ್ಲ. ಮಧ್ಯಾಹ್ನ ಎರಡರ ಮೇಲೆ ಪಡುವಣ ಗೋಡೆಯ ನೆರಳು ನಿಧಾನಕ್ಕೆ ಇಳಿಯುತ್ತದೆ. ಆ ಗೋಡೆಯ ಅಂಚಿನಲ್ಲೇ ಆಳೆತ್ತರ ಮಣ್ಣು ಗುಡ್ಡೆ ಹಾಕಿದರೆ ನೆರಳು ಒಂದು ತಾಸು ಮುಂಚೆ, ಸರಿಯಾಗಿ ಊಟದ ಹೊತ್ತಿಗೆ ಬರುತ್ತದೆ. ಇದನ್ನು ಲೆಕ್ಕ ಹಾಕಿದವಳು ನಿಂಗಮ್ಮ.

ನಿಂಗಮ್ಮ ಆ ನಾಲ್ವರಲ್ಲಿ ಹಿರಿಯಳು, ಹಿರಿಯಳು ಎಂದರೆ ಇಪ್ಪತ್ತೇಳಿಪ್ಪತ್ತೆಂಟು. ಕೊಡೇಕಲ್ಲಿನ ಹತ್ತಿರದ ಒಂದು ಹಳ್ಳಿ ಅವಳ ತವರು. ಏಳು ವರ್ಷದ ಮಗಳು ಮಲ್ಲಮ್ಮನನ್ನು ಅಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಗಂಡ ಹಣಮಂತನ ಜೊತೆ ಕೆಲಸಕ್ಕೆ ಬಂದಿದ್ದಳು. ಹಣಮಂತ ಅಲ್ಲೇ ಆಚೆ ಕಲ್ಲು ಒಡೆಯುತ್ತಿದ್ದ. ಅವನ ತಂಗಿ ಸಾಬಮ್ಮನೂ ಕಂದಕದ ಕೆಲಸದಲ್ಲಿದ್ದಳು, ಮದುವೆ ಗೊತ್ತಾದ ಹುಡುಗಿ. ನಿಂಗಮ್ಮ ಯಾರನ್ನೂ ಮಾತಾಡಿಸದೆ ಬಿಡುತ್ತಿರಲಿಲ್ಲ. ನನ್ನನ್ನು "ಗಾಳಿ ಮಾಮಾ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕ್ಯಾಬಿನ್ನಿನ ಹತ್ತಿರ ಬಂದು ನಿಂತಳು.

"ಗಾಳಿ ಮಾಮಾ, ನೀ ಮಣ್ಣು ಅಷ್ಟ್ ದೂರ ಯಾಕ ಒಗ್ಯಾಕತ್ತೀದಿ? ಈ ಪಡುವಲ ದಂಡಿಗೇ ಒಗಿ. ಉಣ್ಣೋ ಹೊತ್ತಿಗೆ ನಮಗ ಜರಾ ನೆಳ್ಳು ಆಗ್ತದ. ಸಾಬಿ ನಿನ್ನಿ ಚಕ್ಕರ್ ಬಂದ್ ಬಿದ್ದಾಳ."

"ನಿಮ್ ನೆಳ್ಳಿನ ಸಲುವಾಗಿ ನಾ ಕೆಲಸ ಮಾಡಬೇಕೇನಬೇ?" ಎಂದು ಚೇಷ್ಟೆ ಮಾಡಿದೆ.

"ನಿನಗೂ ಹಗೂರ ಆಗ್ತದಲ್ಲೋ ಮಾರಾಯಾ. ಇಲ್ಲೇ ತಿರುಗಿ ಇಲ್ಲೇ ಸುರುವಿದ್ರ ನಿನ್ನ ಸಾಹೇಬ ಇನ್ನಾ ಖುಷಿ ಆಗ್ತಾನ."

ಅವಳು ಹೇಳಿದ್ದು ನಿಜವಾಗಿತ್ತು. ಹದಿನೇಳು ಸೆಕೆಂಡಿನ ಸುತ್ತು ಹದಿಮೂರಕ್ಕೆ ಇಳಿಯುತ್ತಿತ್ತು. ಉಸ್ತಾದರ ಮಾತು ನನಗೆ ನೆನಪಿಗೆ ಬರಲಿಲ್ಲ ಎಂದು ಬರೆದರೆ ಅದು ಸುಳ್ಳು. ನೆನಪಿಗೆ ಬಂತು. ಎರಡು ದಿನದ ಮಾತು, ಒಣ ಬೇಸಿಗೆ, ಮಳೆ ಇಲ್ಲ, ಏನಾಗುತ್ತದೆ ಎಂದುಕೊಂಡೆ. ಅಲ್ಲದೆ ಪುಣ್ಯದ ಕೆಲಸವೂ ಆಯಿತು ಎಂದುಕೊಂಡೆ. ಪಡುವಣ ಅಂಚಿಗೇ ಮಣ್ಣು ಸುರಿಯತೊಡಗಿದೆ.

ಹತ್ತು ಗಂಟೆಗೆ ಸಾಹೇಬರು ಬಂದರು. ಗುಡ್ಡೆಯನ್ನೂ ನೋಡಿದರು, ಗಡಿಯಾರವನ್ನೂ ನೋಡಿದರು. "ಹದಿಮೂರು!" ಎಂದು ನಕ್ಕು ಹೋದರು. ಊಟದ ಹೊತ್ತಿಗೆ ಸರಿಯಾಗಿ ನೆರಳು ಬಂತು. ಕಂದಕದ ಒಳಗಿನಿಂದ ನಿಂಗಮ್ಮ ಕೂಗಿದಳು: "ಮಾಮಾ, ನಿನ್ನ ಹೊಟ್ಟಿ ತಣ್ಣಗಿರಲೋ!" ಅಂದು ನಾನು ರೊಟ್ಟಿಯನ್ನು ಎಂದಿಗಿಂತ ಖುಷಿಯಿಂದ ತಿಂದೆ.

ಎರಡನೆಯ ದಿನವೂ ಹಾಗೇ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಅಂಚಿನ ಸುತ್ತ ನಡೆಯಲಿಲ್ಲ. ನಡೆಯಬೇಕೆಂದರೆ ಪಡುವಣ ಅಂಚೇ ಇರಲಿಲ್ಲ, ಅದರ ಮೇಲೆ ನನ್ನದೇ ಗುಡ್ಡೆ ಕೂತಿತ್ತು. ಕೆಳಗೆ ನೆಲ ಬಿರುಕು ಬಿಟ್ಟಿದ್ದರೂ ಕಾಣಲು ಜಾಗವಿರಲಿಲ್ಲ.

ಮಧ್ಯಾಹ್ನ ಮಶೀನು ಬಂದ್ ಮಾಡಿ, ಅದರ ಹಿಂದೆ ಬುತ್ತಿ ಬಿಚ್ಚಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಚೀಲ ಕೆಳಗೆ ಹಾಕಿದ ಹಾಗೆ ಒಂದು ಸದ್ದು, ಆಮೇಲೆ ಧೂಳು. ಎದ್ದು ನೋಡಿದರೆ ಗುಡ್ಡೆಯೂ ಗೋಡೆಯೂ ಒಟ್ಟಿಗೆ ಒಳಗೆ ಕೂತಿದ್ದವು. ಆ ತುದಿಯಲ್ಲಿದ್ದ ಇಬ್ಬರು ಹೆಂಗಸರು ಕಿರುಚುತ್ತ ಮೇಲೆ ಹತ್ತುತ್ತಿದ್ದರು. ನಿಂಗಮ್ಮ, ಸಾಬಮ್ಮ ಕಾಣಲಿಲ್ಲ.

ಜನ ಓಡಿ ಬಂದರು. "ಮಶೀನ್ ಹಚ್ಚಲೇ ಭೀಮ್ಯಾ, ಮಶೀನ್ ಹಚ್ಚು!" ಎಂದು ಕೂಗಿದರು. ಹತ್ತಿ ಕೂತೆ, ಹಿಡಿಕೆ ಹಿಡಿದೆ. ಬಕೆಟ್ಟಿನ ಹಲ್ಲು ಕೆಳಗೆ ಇಳಿಸಬೇಕೆಂದರೆ ಅವರು ಎಲ್ಲಿದ್ದಾರೋ ಗೊತ್ತಿಲ್ಲ. ಇಳಿದರೆ ಯಾರ ಮೇಲೆ ಇಳಿಯುತ್ತದೋ ಗೊತ್ತಿಲ್ಲ. ನೂರು ಜನರ ಕೆಲಸ ಮಾಡುವ ಮಶೀನು, ಎರಡು ಮಾರು ಮಣ್ಣಿನ ಮುಂದೆ ಅದರಿಂದ ಏನೂ ಆಗಲಿಲ್ಲ. ಇಳಿದು ಎಲ್ಲರ ಜೊತೆ ಕೈಯಿಂದ ಬಗೆದೆ. ಹಣಮಂತ ನನ್ನ ಪಕ್ಕದಲ್ಲೇ ಬಗೆಯುತ್ತಿದ್ದ. ಮೊದಲು ಸಾಬಮ್ಮ ಸಿಕ್ಕಳು. ನಿಂಗಮ್ಮ ಸಿಕ್ಕಾಗ ಹೊತ್ತು ಇಳಿದಿತ್ತು. ಇಬ್ಬರಲ್ಲೂ ಜೀವವಿರಲಿಲ್ಲ.

ಇಲ್ಲಿಯವರೆಗೆ ಆಗಿದ್ದಕ್ಕೆ ಅಪಘಾತ ಎಂಬ ಹೆಸರಿದೆ. ಮುಂದೆ ನಾನು ಮಾಡಿದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಮರುದಿನ ಬೆಳಿಗ್ಗೆ ಕೆಲಸದ ಜಾಗದ ಡೇರೆಯಲ್ಲಿ ಮೇಲಿನ ಅಧಿಕಾರಿಯೊಬ್ಬರು ಕುಳಿತು ವಿಚಾರಣೆ ಮಾಡಿದರು. ನಮ್ಮ ಸಣ್ಣ ಸಾಹೇಬರು ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದರು. ಡೇರೆಯ ಹೊರಗೆ ಜನ, ಅವರ ಮುಂದೆ ಹಣಮಂತ.

"ಮಣ್ಣು ಅಂಚಿಗೇ ಯಾಕೆ ಹಾಕಿದಿರಿ?" ಎಂದು ಅಧಿಕಾರಿ ಕೇಳಿದರು.

"ಅವರೇ ಕೇಳಿದ್ರಿ ಸಾಹೇಬ್ರ."

"ಯಾರು?"

"ನಿಂಗಮ್ಮ. ನೆಳ್ಳು ಬೇಕು, ಇಲ್ಲೇ ಹಾಕು ಅಂದಳ್ರಿ."

"ಹಾಕಬಾರದು ಎಂದು ನಿಮಗೆ ಗೊತ್ತಿರಲಿಲ್ಲವೇ?"

"ನನಗ್ಯಾರೂ ಹೇಳಿರ್ಲಿಲ್ರಿ."

ಇಷ್ಟೇ ಮಾತು. ಮೊದಲನೆಯದು ಸತ್ಯ, ಕೊನೆಯದು ಸುಳ್ಳು. ಸತ್ಯವನ್ನು ಮುಂದೆ ಇಟ್ಟು ಸುಳ್ಳನ್ನು ಅದರ ಬೆನ್ನ ಹಿಂದೆ ನಿಲ್ಲಿಸಿದೆ. ಅಧಿಕಾರಿ ಬರೆದುಕೊಂಡರು. ಬಟ್ಟೆಯ ಡೇರೆ, ಹೊರಗಿನವರಿಗೆ ಎಲ್ಲ ಕೇಳಿಸಿತು. ನನ್ನ ಕೆಲಸ ಉಳಿಯಿತು. ಸಂಜೆಯ ಹೊತ್ತಿಗೆ ಮಾತು ಇಡೀ ಕೆಲಸದ ಜಾಗದಲ್ಲಿ ಹರಡಿತ್ತು: ನಿಂಗವ್ವ ನೆಳ್ಳಿನ ಆಸಿಗೆ ತಾನೂ ಸತ್ತಳು, ನಾದಿನೀನೂ ಕೊಂದಳು. ನಾನು ಕೇಳಿದೆ. ಅಲ್ಲ ಎನ್ನಲಿಲ್ಲ.

ಆಮೇಲೆ ಕೆಲಸ ಮುಂದುವರಿಯಿತು. ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಬಂತು. ಮಶೀನುಗಳು ಬದಲಾದವು. ತೋಳು ನೋಯುವಂಥ ಉದ್ದನೆಯ ಹಿಡಿಕೆಗಳು ಹೋಗಿ ಬೆರಳಿಗೆ ಸಿಕ್ಕುವ ಗುಂಡಿಗಳು ಬಂದವು, ಕ್ಯಾಬಿನ್ನಿಗೆ ಗಾಜು ಬಂತು, ತಂಪು ಗಾಳಿ ಬಂತು. ಈಗ ಗುಂಡಿ ಎಷ್ಟು ಆಳವಾಯಿತು ಎಂದು ಪರದೆಯೇ ಹೇಳುತ್ತದೆ. ಇಂಜಿನ್ನಿನ ಸದ್ದು ಒಳಗೆ ಕೇಳುವುದೇ ಇಲ್ಲ, ಹಾಗಾಗಿ ಹುಡುಗರಿಗೆ ಅದು ನರಳುವುದೂ ತಿಳಿಯುವುದಿಲ್ಲ. ಗುರುಮಠಕಲ್ ಕಡೆ ಕೆಲಸ ಮಾಡುವಾಗ ಒಬ್ಬ ತೆಲುಗು ಹುಡುಗ ಕಿವಿಗೆ ಹಾಡು ಹಾಕಿಕೊಂಡೇ ಅಗೆಯುತ್ತಿದ್ದ. ಒಂದು ದಿನ ಅವನನ್ನು ಕೆಳಗಿಳಿಸಿ ಕಪಾಳಕ್ಕೆ ಹೊಡೆದೆ. ಅವನು ಯಾಕೆಂದು ಕೇಳಿದ. ನಾನು ಹೇಳಲಿಲ್ಲ. ಅದು ನನ್ನ ತಪ್ಪೇ.

ನಾನು ಮಾತ್ರ ಅಂದಿನಿಂದ ಮಣ್ಣನ್ನು ದೂರ ಎಸೆದೆ. ಆಳದಷ್ಟಲ್ಲ, ಆಳದ ಒಂದೂವರೆ ಪಟ್ಟು. ನನ್ನ ಸುತ್ತು ನಿಧಾನವಾಯಿತು. "ಗಾಳಿ ನಿಂತದ" ಎಂದು ಜೊತೆಯವರು ನಗುತ್ತಿದ್ದರು. ಇನ್ನೊಂದು ಕೆಲಸ ಮಾಡಿದೆ. ಎಲ್ಲಿ ಹೋದರೂ ನಾಲ್ಕು ಬಿದಿರು, ಒಂದು ಹಳೆಯ ತಾಡಪತ್ರಿ ಮಶೀನಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಕೆಲಸ ಶುರುವಾಗುವ ಮುಂಚೆ ಕೂಲಿಯವರಿಗೆ ಒಂದು ಚಪ್ಪರ ನಿಲ್ಲಿಸುತ್ತಿದ್ದೆ. ಮೊದಲ ಸಲ ಅದನ್ನು ಕಟ್ಟಿ ಮುಗಿಸಿದಾಗ ಹದಿನೈದು ನಿಮಿಷ ಹಿಡಿದಿತ್ತು. ಅಷ್ಟೇ ಬೇಕಾಗಿದ್ದದ್ದು. ಅಂದು ನಾನು ಚಪ್ಪರದ ಕೆಳಗೆ ಕೂತು ಅತ್ತೆ. ಕೂಲಿಯವರು ಮನೆಯಲ್ಲಿ ಏನೋ ಆಗಿದೆ ಎಂದುಕೊಂಡು ಸುಮ್ಮನಿದ್ದರು.

ಉಸ್ತಾದರು ಬದುಕಿರುವಾಗ ಒಮ್ಮೆ ನೋಡಲು ಹೋಗಿದ್ದೆ. ಅವರಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಸುದ್ದಿ ಅವರ ಕಿವಿಗೆ ಬಿದ್ದಿತ್ತು. "ಎಷ್ಟು ದೂರ ಒಗದಿದ್ದಿ?" ಎಂದು ಮೊದಲು ಕೇಳಿದರು. "ಅಂಚಿಗೇ ರೀ" ಎಂದೆ. "ನಾನು ಹೇಳಿದ್ದೆ ಅಂತ ಸಾಹೇಬಗ ಹೇಳಿದ್ಯೋ ಇಲ್ಲೋ?" ಎಂದರು. ನಾನು ಹೊರಡಲು ಎದ್ದೆ. ಅವರು ಚಹಾ ಕುಡಿಸಿ ಕಳಿಸಿದರು, ಬೈಯಲಿಲ್ಲ. ಆ ಸಲ ಅದು ಶಾಭಾಸ್‌ಗಿರಿ ಆಗಿರಲಿಲ್ಲ.

ಹೀಗೆ ಇಪ್ಪತ್ತಾರು ವರ್ಷ ಕಳೆಯಿತು. ಆ ಶೆಡ್ಡಿನಲ್ಲಿ ಹುಡುಗರ ಮುಂದೆ ಮತ್ತೆ ಅದೇ ಮಾತು, "ಅಲ್ಲೇ ಬಾಜೂಕ", ನನ್ನ ಬಾಯಿಂದ ತಾನಾಗಿ ಹೊರಬಂದಾಗ ಹೆದರಿದೆ. ಕೈ ತಿದ್ದಿಕೊಂಡಿತ್ತು, ಬಾಯಿ ತಿದ್ದಿಕೊಂಡಿರಲಿಲ್ಲ. ಮರುವಾರ ಕೊಡೇಕಲ್ಲಿನ ಬಸ್ಸು ಹತ್ತಿದೆ.

ನಿಂಗಮ್ಮನ ಮಗಳು ಮಲ್ಲಮ್ಮ ಅಜ್ಜಿಯ ಮನೆಯಲ್ಲೇ ಉಳಿದಿದ್ದಾಳೆ, ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ ಎಂದು ಯಾರೋ ಹೇಳಿದ್ದರು. ಆ ದಿನ ಶಾಲೆಗೆ ರಜೆ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಾಯಿಯದೇ ಗದ್ದ. ನಾನು ಯಾರೆಂದು ಹೇಳಿದ ಮೇಲೂ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ನಾನು ಕುಡಿಯುವ ಮುಂಚೆಯೇ ಹೇಳಿಬಿಟ್ಟೆ. ನನಗೆ ಗೊತ್ತಿತ್ತು, ನನಗೆ ಕಲಿಸಿದ್ದರು, ಗೊತ್ತಿಲ್ಲ ಎಂದು ಸುಳ್ಳು ಹೇಳಿ ನಿಮ್ಮವ್ವನ ಮೇಲೆ ಹೊರಿಸಿದೆ ಎಂದೆ.

ಅವಳು ಮೊರ ಕೆಳಗಿಟ್ಟಳು.

"ಸಣ್ಣಾಕಿದ್ದಾಗ ಸೂಟಿಗೆ ಅಪ್ಪನ ಊರಿಗೆ ಹೋದ್ರ, ಅಲ್ಲಿ ಹೊಲದಾಗ ನಾ ಒಂದ್ ಗಿಡದ ಬುಡಕ ಕುಂತ್ರ ನಮ್ಮಪ್ಪ ಬಂದ್ ಎಬ್ಬಸ್ತಿದ್ದ" ಎಂದಳು. "ನಿಮ್ಮವ್ವನಂಗ ನೆಳ್ಳು ಹುಡುಕಬ್ಯಾಡ, ಬಿಸಲಾಗ ನಿಂದ್ರು ಅಂತಿದ್ದ. ನನ್ನ ನೋಡಾಕ ಬಂದ ಬೀಗರು ಅದನ್ನೇ ಕೇಳಿದ್ರು, ನೆಳ್ಳಿಗೆ ಸತ್ತಾಕಿ ಮಗಳು ಇಕೀನೇ ಏನು ಅಂತ. ಎರಡ್ ಸಂಬಂಧ ಹಂಗ ಹೋದ್ವು." ನನ್ನ ಕಡೆ ತಿರುಗಿ ಕೇಳಿದಳು: "ಇಷ್ಟ್ ವರ್ಷ ಎಲ್ಲಿದ್ರಿ?"

"ಇಲ್ಲೇ ಇದ್ದೆನವಾ. ರಂಗಂಪೇಟ್ಯಾಗ."

"ಬಸ್ಸಿಗೆ ಒಂದೂವರಿ ತಾಸು" ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಎದ್ದಳು. "ನನಗ ಹೇಳಿದ್ರ ಆಗಲಿಲ್ಲ. ಒಳಗ ಬರ್ರಿ. ಅಪ್ಪನ ಮುಂದ ಹೇಳ್ರಿ."

ಹಣಮಂತ ಬದುಕಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಕಾಲು ಸೋತ ಮೇಲೆ ಮಗಳ ಹತ್ತಿರ ಬಂದು ಇದ್ದನಂತೆ. ಒಳಗೆ ಹೊರಸಿನ ಮೇಲೆ ಕುಳಿತಿದ್ದ, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ನಾನು ಮೆಲ್ಲಗೆ ಶುರು ಮಾಡಿದೆ. ಮಲ್ಲಮ್ಮ ತಡೆದಳು. "ಜೋರಾಗಿ ಹೇಳ್ರಿ. ಕಲ್ಲಿನ ಮಶೀನಿನಾಗ ದುಡದು ದುಡದು ಕಿವಿ ಹೋಗ್ಯಾವ."

ಹಾಗಾಗಿ, ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ನಾನು ಕೂಗಿ ಹೇಳಬೇಕಾಯಿತು. "ನಾ ಭೀಮರಾಯ! ಮಶೀನಿನಾಂವ! ನಿಂಗಮ್ಮಂದು ತಪ್ಪಿರ್ಲಿಲ್ಲ!" ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಅವನು ಕಿವಿಗೆ ಕೈ ಹಚ್ಚಿ, "ಏನು?" ಎಂದ. ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ನನ್ನ ದನಿ ಒಡೆಯಿತು.

"ಆಕಿ ನೆಳ್ಳು ಕೇಳಿದಳು ಅಂದಿದ್ದಿ ಅಲ್ಲೇನು ನೀ" ಎಂದ ಹಣಮಂತ.

"ಕೇಳಿದ್ದಳು. ಅಲ್ಲಿ ಹಾಕಬಾರದಂತ ನನಗ ಗೊತ್ತಿತ್ತು. ಆಕಿಗೆ ಗೊತ್ತಿರ್ಲಿಲ್ಲ. ಹಾಕಿದಾಂವ ನಾನು!"

ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮಗಳ ಕಡೆ ನೋಡಿದ. ಅವಳು ಬಗ್ಗಿ ಅವನ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದಳು: "ಅವ್ವಂದು ತಪ್ಪಿಲ್ಲಂತಪ್ಪಾ."

ಹಣಮಂತ ನನಗಲ್ಲ, ಯಾರಿಗೂ ಅಲ್ಲದ ಹಾಗೆ ಹೇಳತೊಡಗಿದ.

"ತಂಗಿಗೆ ನನ್ನ ಕೈಲೆ ಮಣ್ಣು ಕೊಟ್ಟೆ. ನಿಂಗವ್ವನ್ನ ಆಕಿ ತವರಿನಾವರು ಇಲ್ಲಿಗೆ ತಂದ್ರು, ನಾ ಬರಲಿಲ್ಲ. ಹೇಳಿ ಕಳಿಸಿದ್ರು, ಬರಲಿಲ್ಲ. ನನ್ನ ತಂಗೀನ್ನ ತಿಂದಾಳ, ಆಕಿ ಮಣ್ಣಿಗೆ ನಾ ಬರಲ್ಲ ಅಂದೆ. ಗಂಡ ಅನ್ನಾಂವ ಒಂದ್ ಹಿಡಿ ಮಣ್ಣು ಹಾಕಲಿಲ್ಲ." ಮಗಳ ಕೈ ಹಿಡಿದುಕೊಂಡ. "ಈ ಊರಾಗ ಬಂದಿದ್ದು ನಾಕ್ ವರ್ಷ ಆತು. ಆಕಡಿ ಹೊಳ್ಳಿ ನೋಡಿಲ್ಲ. ಎಲ್ಲಿ ಇಟ್ಟಾರ ಆಕೀನ್ನ?"

"ಹಳ್ಳದ ದಂಡಿಗೆ. ನಮ್ಮ ಹೊಲದ ಬಾಜೂಕ" ಎಂದು ಮಲ್ಲಮ್ಮ ಅವನ ಕಿವಿಗೆ ಹೇಳಿದಳು.

"ಎಬ್ಬಸು."

"ಸಂಜಿಗೆ ಹೋಗೂಣಪ್ಪ. ಈಗ ಆಗಂಗಿಲ್ಲ ನಿನಗ."

"ಈಗ ಎಬ್ಬಸು" ಎಂದ.

ಮಲ್ಲಮ್ಮ ಒಂದು ಕಡೆಯ ತೋಳು ಹಿಡಿದಳು. ಅವನ ಕಾಲು ನಿಲ್ಲಲಿಲ್ಲ, ಇನ್ನೊಂದು ಕಡೆಗೆ ವಾಲಿದ. ನಾನು ಮುಂದೆ ಹೋಗಿ ಆ ತೋಳು ಹಿಡಿಯಲು ಕೈ ಚಾಚಿದೆ. ಅವನು ತಲೆ ಎತ್ತಿ ನನ್ನನ್ನು ಮೊದಲ ಸಲ ನೋಡಿದ.

"ನೀ ಬ್ಯಾಡ" ಎಂದ.

ಬಾಗಿಲಲ್ಲಿದ್ದ ಒಬ್ಬ ಮುದುಕಿ ನನ್ನನ್ನು ಸರಿಸಿ ಒಳಗೆ ಬಂದು, ಅವನ ಆ ತೋಳು ಹಿಡಿದಳು. ಮೂವರೂ ಹೊಸ್ತಿಲು ದಾಟಿದರು. ಅವರು ಓಣಿಯ ತಿರುವಿನವರೆಗೆ ಹೋಗುವುದನ್ನು ನಾನು ಒಳಗೇ ನಿಂತು ನೋಡಿದೆ.